ಕಾರಿನ ಸ್ಪೀಕರ್ ಮತ್ತು ಆಂಪ್ಲಿಫೈಯರ್: ಡಬ್ಬಿಯ ಮೇಲಿನ ವಾಟ್ ನಿಜವಾಗಿ ಏನು ಹೇಳುತ್ತದೆ?

ಕಾರಿನ ಕೆಳಗಿನ ವೇರಿಯಂಟ್ ಕೊಂಡವರಿಗೆ ಎಷ್ಟೋ ಸಲ ಮುಂದಿನ ಎರಡು ಬಾಗಿಲುಗಳಲ್ಲಿ ಮಾತ್ರ ಸ್ಪೀಕರ್ ಸಿಗುತ್ತದೆ. ಕೆಲವು ಮಾದರಿಗಳಲ್ಲಿ ವೈರ್ ಎಳೆದಿಟ್ಟು ಸ್ಪೀಕರಿನ ಜಾಗವನ್ನು ಖಾಲಿ ಬಿಟ್ಟಿರುತ್ತಾರೆ. ಉಳಿದದ್ದನ್ನು ಹೊರಗೆ ಹಾಕಿಸಿಕೊಳ್ಳೋಣವೆಂದು ಬೆಂಗಳೂರಿನ ಜೆ.ಸಿ. ರಸ್ತೆಗೋ ತಮ್ಮ ಊರಿನ ಆಕ್ಸೆಸರೀಸ್ ಅಂಗಡಿಗೋ ಹೋದರೆ ಗೋಡೆಯ ತುಂಬ ಡಬ್ಬಿಗಳು ಕಾಣುತ್ತವೆ: ಒಂದರ ಮೇಲೆ 300 ವಾಟ್, ಪಕ್ಕದ್ದರ ಮೇಲೆ 450 ವಾಟ್, ಆಂಪ್ಲಿಫೈಯರಿನ ಮೇಲೆ 4000 ವಾಟ್. ನಮ್ಮ ಅಡುಗೆಮನೆಯ ಮಿಕ್ಸಿಯೇ 500 ಅಥವಾ 750 ವಾಟಿನದು, ಅದೂ ಗೋಡೆಯ 230 ವೋಲ್ಟಿನಿಂದ ನಡೆಯುವಂಥದ್ದು. 12 ವೋಲ್ಟಿನ ಬ್ಯಾಟರಿ 4000 ವಾಟ್ ಕೊಡಬೇಕಾದರೆ ಅದರಿಂದ 330 ಆಂಪಿಯರಿಗೂ ಹೆಚ್ಚು ವಿದ್ಯುತ್ ಹರಿಯಬೇಕು; ಸೀಟಿನ ಕೆಳಗೆ ಎಳೆದ ಕಿರುಬೆರಳಿನ ದಪ್ಪದ ವೈರಿನಲ್ಲಿ ಅದು ಆಗುವ ಮಾತಲ್ಲ. ಹಾಗಾದರೆ ಡಬ್ಬಿಯ ಮೇಲಿರುವುದು ಏನು? ಅದನ್ನು ತಿಳಿಯಲು ಸ್ಪೀಕರಿನಿಂದಲೇ ಆರಂಭಿಸಬೇಕು.

ಸ್ಪೀಕರ್ ಮಾಡುವ ಕೆಲಸ

ಸ್ಪೀಕರಿನ ಜಾಲರಿ ತೆಗೆದರೆ ಕಾಣುವುದು ಕಾಗದದಿಂದಲೋ ಪ್ಲಾಸ್ಟಿಕ್ಕಿನಿಂದಲೋ ಮಾಡಿದ, ಆಳಿಕೆಯಂಥ ಒಂದು ಬಟ್ಟಲು. ಅದಕ್ಕೆ ಕೋನ್ ಎನ್ನುತ್ತಾರೆ. ಕೋನಿನ ಹಿಂಬದಿಗೆ ತೆಳುವಾದ ತಂತಿಯ ಸುರುಳಿಯೊಂದನ್ನು ಅಂಟಿಸಿ, ಆ ಸುರುಳಿಯನ್ನು ಬಲವಾದ ಅಯಸ್ಕಾಂತದ ಕಿರಿದಾದ ಸಂದಿಯಲ್ಲಿ ತೂಗುಬಿಟ್ಟಿರುತ್ತಾರೆ. ಸುರುಳಿಯಲ್ಲಿ ವಿದ್ಯುತ್ ಒಂದು ದಿಕ್ಕಿಗೆ ಹರಿದಾಗ ಕೋನ್ ಮುಂದಕ್ಕೆ, ತಿರುಗಿ ಹರಿದಾಗ ಹಿಂದಕ್ಕೆ ಸರಿಯುತ್ತದೆ. ಈ ಓಲಾಟ ಗಾಳಿಯನ್ನು ತಳ್ಳಿ ಎಳೆದು ನಮ್ಮ ಕಿವಿಗೆ ಶಬ್ದವಾಗಿ ತಲುಪುತ್ತದೆ. 1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಪ್ರಕಟಿಸಿದ ವಿನ್ಯಾಸದ ಮೂಲತತ್ವವೇ ಇಂದಿನ ಕಾರಿನ ಬಾಗಿಲಲ್ಲಿಯೂ ಇದೆ.

ಕೋನ್ ಸೆಕೆಂಡಿಗೆ ಎಷ್ಟು ಸಲ ಓಲಾಡುತ್ತದೆ ಎಂಬುದನ್ನು ಹರ್ಟ್ಜ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಮನುಷ್ಯನ ಕಿವಿಗೆ ಸುಮಾರು 20ರಿಂದ 20,000 ಹರ್ಟ್ಜ್‌ವರೆಗೆ ಕೇಳಿಸುತ್ತದೆ, ವಯಸ್ಸಾದಂತೆ ಮೇಲಿನ ತುದಿ ಇಳಿಯುತ್ತದೆ. ಮೃದಂಗದ ಎಡಬದಿಯ ಗುಮುಕು ನೂರು ಹರ್ಟ್ಜ್‌ನ ಆಸುಪಾಸಿನದು, ಗಂಡಸರ ಮಾತಿನ ಮೂಲಸ್ವರ ಅದಕ್ಕಿಂತ ಒಂದಿಷ್ಟು ಮೇಲಿನದು, ತಾಳದ ಝೇಂಕಾರ ಹಲವು ಸಾವಿರ ಹರ್ಟ್ಜ್‌ನದು. ಕೆಳಗಿನ ಸ್ವರಗಳಿಗೆ ಹೆಚ್ಚು ಗಾಳಿಯನ್ನು ತಳ್ಳಬೇಕು. ಒಂದೇ ಕೋನ್ 80 ಹರ್ಟ್ಜ್ ನುಡಿಸುವಷ್ಟೇ ಜೋರಾಗಿ 40 ಹರ್ಟ್ಜ್ ನುಡಿಸಬೇಕಾದರೆ ನಾಲ್ಕು ಪಟ್ಟು ದೂರ ಓಲಾಡಬೇಕಾಗುತ್ತದೆ. ಮೇಲಿನ ಸ್ವರಗಳ ಪಾಡು ಇದಕ್ಕೆ ವಿರುದ್ಧ: ಸೆಕೆಂಡಿಗೆ ಹತ್ತು ಸಾವಿರ ಸಲ ಓಲಾಡಲು ಕೋನ್ ತೀರಾ ಹಗುರವಾಗಿ, ಚಿಕ್ಕದಾಗಿ ಇರಬೇಕು. ಒಂದೇ ಕೋನ್ ಎರಡೂ ಕೆಲಸವನ್ನು ಚೆನ್ನಾಗಿ ಮಾಡಲಾರದು ಎಂಬ ಕಾರಣಕ್ಕೇ ಬಗೆಬಗೆಯ ಸ್ಪೀಕರುಗಳು ಹುಟ್ಟಿಕೊಂಡಿವೆ.

ಕೋಆಕ್ಸಿಯಲ್, ಕಾಂಪೊನೆಂಟ್, ಸಬ್‌ವೂಫರ್

ಕೆಳಗಿನ ಮತ್ತು ನಡುವಿನ ಸ್ವರಗಳನ್ನು ನುಡಿಸುವ ದೊಡ್ಡ ಕೋನಿಗೆ ವೂಫರ್ ಎಂದೂ, ಮೇಲಿನ ಸ್ವರಗಳಿಗಾಗಿ ಇರುವ ಹೆಬ್ಬೆರಳಿನ ಉಗುರಿನಷ್ಟೋ ನಾಣ್ಯದಷ್ಟೋ ಚಿಕ್ಕ ಗುಮ್ಮಟಕ್ಕೆ ಟ್ವೀಟರ್ ಎಂದೂ ಹೆಸರು. ವೂಫರಿನ ನಡುವೆಯೇ ಟ್ವೀಟರನ್ನು ಕೂರಿಸಿ ಒಂದೇ ತುಂಡಾಗಿ ಮಾರುವುದು ಕೋಆಕ್ಸಿಯಲ್. ಹಳೆಯದನ್ನು ಬಿಚ್ಚಿ ಅದೇ ಜಾಗದಲ್ಲಿ ಕೂರಿಸಬಹುದಾದ್ದರಿಂದ ಕೆಲಸ ಸುಲಭ, ಖರ್ಚೂ ಕಡಿಮೆ. ಕಾಂಪೊನೆಂಟ್ ಸೆಟ್ಟಿನಲ್ಲಿ ಎರಡೂ ಬೇರೆ ಬೇರೆಯಾಗಿರುತ್ತವೆ. ವೂಫರ್ ಬಾಗಿಲ ಕೆಳಭಾಗದಲ್ಲಿ ಉಳಿದು, ಟ್ವೀಟರ್ ಕನ್ನಡಿಯ ಮೂಲೆಗೋ ಡ್ಯಾಶ್‌ಬೋರ್ಡಿನ ಅಂಚಿಗೋ ಏರುತ್ತದೆ. ಮೇಲಿನ ಸ್ವರಗಳು ಟಾರ್ಚಿನ ಬೆಳಕಿನಂತೆ ನೇರವಾಗಿ ಸಾಗುವಂಥವು, ಮೊಣಕಾಲಿನ ಬಳಿಯಿಂದ ಹೊರಟರೆ ಕಾಲಿಗೂ ಸೀಟಿಗೂ ತಾಗಿ ಅಲ್ಲೇ ಅಡಗುತ್ತವೆ. ಟ್ವೀಟರ್ ಕಿವಿಯ ಎತ್ತರಕ್ಕೆ ಬಂದಾಗ ಹಾಡುಗಾರರು ಎದುರಿನ ಗಾಜಿನ ಬಳಿ ನಿಂತು ಹಾಡಿದಂತೆ ತೋರುವುದು ಇದರಿಂದಲೇ.

ಕಾಂಪೊನೆಂಟ್ ಸೆಟ್ಟಿನ ಜೊತೆ ಕ್ರಾಸ್‌ಓವರ್ ಎಂಬ ಚಿಕ್ಕ ಪೆಟ್ಟಿಗೆಯೂ ಬರುತ್ತದೆ. ಅದು ಜರಡಿಯಿದ್ದಂತೆ: ಸುಮಾರು 3000 ಹರ್ಟ್ಜ್‌ಗಿಂತ ಮೇಲಿನದನ್ನು ಟ್ವೀಟರಿಗೂ ಕೆಳಗಿನದನ್ನು ವೂಫರಿಗೂ ಬೇರ್ಪಡಿಸಿ ಕಳಿಸುತ್ತದೆ.

ನಮ್ಮ ಕಾರುಗಳ ಬಾಗಿಲಲ್ಲಿ ಹೆಚ್ಚಾಗಿ ಕಾಣುವ ಅಳತೆ ಆರೂವರೆ ಇಂಚು. ಹಿಂದಿನ ಗಾಜಿನ ಕೆಳಗಿನ ತಟ್ಟೆಗೆ ಹಾಕುವ ಮೊಟ್ಟೆಯಾಕಾರದ್ದು 6×9 ಇಂಚು. ಇವುಗಳಿಂದ 60–70 ಹರ್ಟ್ಜ್‌ಗಿಂತ ಕೆಳಗೆ ಹೆಚ್ಚೇನನ್ನೂ ನಿರೀಕ್ಷಿಸಬಾರದು. ಎದೆಗೆ ತಾಗುವ ಬೇಸ್ ಬೇಕೆನ್ನುವವರಿಗೆ 8, 10 ಅಥವಾ 12 ಇಂಚಿನ ಸಬ್‌ವೂಫರ್ ಇದೆ. ಡಿಕ್ಕಿಯ ಜಾಗ ಬಿಟ್ಟುಕೊಡಲು ಮನಸ್ಸಿಲ್ಲದವರು ಸೀಟಿನ ಕೆಳಗೆ ಕೂರುವ, ಆಂಪ್ಲಿಫೈಯರನ್ನು ಒಳಗೇ ಇಟ್ಟುಕೊಂಡ ಚಪ್ಪಟೆ ಸಬ್‌ವೂಫರನ್ನು ಹಾಕಿಸುತ್ತಾರೆ. ಅದು ದೊಡ್ಡ ಪೆಟ್ಟಿಗೆಯಷ್ಟು ಆಳಕ್ಕೆ ಇಳಿಯುವುದಿಲ್ಲ, ಆದರೆ ಮೃದಂಗಕ್ಕೂ ತಬಲಾಕ್ಕೂ ಧಾರಾಳವಾಗಿ ಸಾಕು. ಮುಚ್ಚಿದ ಕಾರಿನೊಳಗೆ ತೀರಾ ಕೆಳಗಿನ ಸ್ವರಗಳು ತಾವಾಗಿಯೇ ಉಬ್ಬುವುದೂ ಒಂದು ಅನುಕೂಲ. ಉತ್ತರ ಕರ್ನಾಟಕದ ಕಬ್ಬಿನ ಟ್ರ್ಯಾಕ್ಟರುಗಳಲ್ಲಿ ಅಷ್ಟು ದೊಡ್ಡ ಪೆಟ್ಟಿಗೆಗಳನ್ನು ಕಟ್ಟಿರುವುದನ್ನು ನೋಡಿ ಕಾರಿಗೂ ಅದೇ ಬೇಕೆಂದುಕೊಳ್ಳಬೇಕಾಗಿಲ್ಲ. ನಾಲ್ಕೂ ಕಡೆ ಬಯಲಿರುವ ಟ್ರ್ಯಾಕ್ಟರಿಗೆ ಈ ಅನುಕೂಲ ಸಿಗದು.

50 × 4 ಎಂಬ ಲೆಕ್ಕ

ಈಗ ವಾಟಿನ ವಿಷಯ. ಕಾರಿನ ಸ್ಟೀರಿಯೊ ಡಬ್ಬಿಯ ಮೇಲೆ 50 ವಾಟ್ × 4, ಅಂದರೆ ನಾಲ್ಕು ಸ್ಪೀಕರುಗಳಿಗೆ ತಲಾ 50 ವಾಟ್, ಎಂದು ಬರೆದಿರುವುದು ಸಾಮಾನ್ಯ. ಎಂಜಿನ್ ನಡೆಯುತ್ತಿರುವಾಗ ಕಾರಿನ ವೋಲ್ಟೇಜ್ ಹೆಚ್ಚೆಂದರೆ 14.4ರ ಆಸುಪಾಸಿನಲ್ಲಿರುತ್ತದೆ. ಕಾರಿನ ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ಪ್ರತಿರೋಧ ಸಾಮಾನ್ಯವಾಗಿ 4 ಓಮ್. ವೋಲ್ಟೇಜನ್ನು ಅದರಿಂದಲೇ ಗುಣಿಸಿ ಓಮ್‌ನಿಂದ ಭಾಗಿಸಿದರೆ ವಾಟ್ ಸಿಗುತ್ತದೆ: 14.4 × 14.4 ÷ 4 ಎಂದರೆ 51.8. ಡಬ್ಬಿಯ ಮೇಲಿನ 50 ಬಂದದ್ದು ಇಲ್ಲಿಂದ. ಆದರೆ ಸ್ಟೀರಿಯೊ ಪೂರ್ಣ ವೋಲ್ಟೇಜನ್ನು ಬಿಡುವಿಲ್ಲದೆ ಸ್ಪೀಕರಿಗೆ ಒತ್ತಿಹಿಡಿದರೆ ಮಾತ್ರ ಈ ಲೆಕ್ಕ ಸರಿಯಾಗುತ್ತದೆ, ಆಗ ಕೇಳಿಸುವುದು ಹಾಡಲ್ಲ, ಕರ್ಕಶವಾದ ಗೊರಗೊರ. ಏರಿಳಿಯುವ ಸ್ವಚ್ಛ ಸ್ವರಕ್ಕೆ ಇದರ ಅರ್ಧ, ಅಂದರೆ 26 ವಾಟ್ ಮೇಲ್ಮಿತಿ. ಒಳಗಿನ ನಷ್ಟಗಳನ್ನು ಕಳೆದರೆ ಕೈಗೆ ಸಿಗುವುದು 15ರಿಂದ 20 ವಾಟ್. ಸ್ಟೀರಿಯೊ ಯಾವ ಕಂಪನಿಯದಾದರೂ, ಎಷ್ಟೇ ದುಬಾರಿಯಾದರೂ, ಒಳಗೆ ವೋಲ್ಟೇಜ್ ಏರಿಸುವ ಏರ್ಪಾಡು ಇಲ್ಲದಿದ್ದರೆ ಈ ಗಡಿಯನ್ನು ದಾಟಲಾರದು.

ಬಿಡುವಿಲ್ಲದೆ ಕೊಡಬಲ್ಲ ಈ ನಿಜವಾದ ಸಾಮರ್ಥ್ಯವನ್ನು ಆರ್‌ಎಂಎಸ್ ವಾಟ್ ಎಂದು ಕರೆಯುವುದು ರೂಢಿ. ಮ್ಯಾಕ್ಸ್, ಪೀಕ್, ಪಿಎಂಪಿಒ ಎಂಬ ಹೆಸರಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಅಚ್ಚಾಗುವ ಸಂಖ್ಯೆಗಳು ಕ್ಷಣಮಾತ್ರದ್ದನ್ನೋ ಬರಿಯ ಕಾಗದದ ಲೆಕ್ಕವನ್ನೋ ಹೇಳುತ್ತವೆ. ಬಸ್ಸಿನಲ್ಲಿ 50 ಜನ ಕೂರಬಹುದು ಎನ್ನುವುದಕ್ಕೂ ಜಾತ್ರೆಯ ದಿನ 120 ಜನ ತೂರಿಕೊಂಡಿದ್ದರು ಎನ್ನುವುದಕ್ಕೂ ಇರುವ ವ್ಯತ್ಯಾಸ ಇದು. ಆರ್‌ಎಂಎಸ್ ಸಂಖ್ಯೆ ಡಬ್ಬಿಯ ಹಿಂಬದಿಯಲ್ಲೋ ಒಳಗಿನ ಕೈಪಿಡಿಯಲ್ಲೋ ಸಣ್ಣ ಅಕ್ಷರದಲ್ಲಿ ಇರುತ್ತದೆ, ಎಲ್ಲಿಯೂ ಇಲ್ಲವೆಂದಾದರೆ ಆ ಮಾಲನ್ನು ಕೆಳಗಿಡುವುದು ಲೇಸು. ಅಮೆರಿಕದ ಎಲೆಕ್ಟ್ರಾನಿಕ್ಸ್ ಉದ್ಯಮ 2003ರಲ್ಲಿ ಸಿಇಎ-2006 (ಇಲ್ಲಿನ 2006 ಇಸವಿಯಲ್ಲ, ಕ್ರಮದ ಸಂಖ್ಯೆ) ಎಂಬ ಒಂದು ಅಳತೆಯ ಕ್ರಮವನ್ನು ಒಪ್ಪಿಕೊಂಡಿತು: 14.4 ವೋಲ್ಟ್, 4 ಓಮ್, ಶಬ್ದದ ವಿರೂಪ ಶೇಕಡ 1ನ್ನು ಮೀರಬಾರದು. ಈಗ ಅದು ಸಿಟಿಎ-2006 ಎಂಬ ಹೆಸರಿನಲ್ಲಿದೆ. ಪಾಲಿಸಲೇಬೇಕೆಂಬ ಕಟ್ಟಳೆ ಇಲ್ಲದಿದ್ದರೂ ಆಂಪ್ಲಿಫೈಯರಿನ ಡಬ್ಬಿಯ ಮೇಲೆ ಆ ಹೆಸರಿದ್ದರೆ ಎರಡು ಕಂಪನಿಗಳ ಸಂಖ್ಯೆಗಳನ್ನು ಒಂದೇ ಮೊಳಕೋಲಿನಿಂದ ಅಳೆದಂತಾಗುತ್ತದೆ.

ಜನ ನೋಡದೆ ಬಿಡುವ ಸಂಖ್ಯೆ

ಸ್ಪೀಕರಿನ ವಾಟ್ ಎಂದರೆ ಅದು ಹೊರಡಿಸುವ ಶಬ್ದದ ಅಳತೆಯಲ್ಲ, ಅದು ಸುಟ್ಟುಹೋಗದೆ ತಾಳಿಕೊಳ್ಳಬಲ್ಲ ವಿದ್ಯುತ್ತಿನ ಅಳತೆ. ಎಷ್ಟು ಜೋರಾಗಿ ಕೇಳಿಸುತ್ತದೆ ಎಂಬುದನ್ನು ಹೇಳುವುದು ಸೆನ್ಸಿಟಿವಿಟಿ ಎಂಬ ಬೇರೊಂದು ಸಂಖ್ಯೆ. ಸ್ಪೀಕರಿಗೆ 1 ವಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದಾಗ ಎಷ್ಟು ಡೆಸಿಬೆಲ್ ಶಬ್ದ ಸಿಗುತ್ತದೆ ಎಂಬುದೇ ಇದು. ಡೆಸಿಬೆಲ್ಲಿನ ಲೆಕ್ಕ ಕೂಡಿಸಿ ಕಳೆಯುವ ಮಾಮೂಲಿ ಲೆಕ್ಕದಂತಲ್ಲ: 3 ಡೆಸಿಬೆಲ್ ಏರಬೇಕಾದರೆ ವಾಟ್ ಎರಡು ಪಟ್ಟಾಗಬೇಕು, 10 ಡೆಸಿಬೆಲ್ ಏರಬೇಕಾದರೆ ಹತ್ತು ಪಟ್ಟಾಗಬೇಕು, ಆ 10 ಡೆಸಿಬೆಲ್ ಏರಿದಾಗಷ್ಟೇ ನಮ್ಮ ಕಿವಿಗೆ ಶಬ್ದ ಇಮ್ಮಡಿಯಾದಂತೆ ಅನ್ನಿಸುತ್ತದೆ.

ಒಂದು ಉದಾಹರಣೆ ನೋಡೋಣ. ಮೊದಲನೆಯ ಸ್ಪೀಕರ್ 60 ವಾಟ್ ಆರ್‌ಎಂಎಸ್, ಸೆನ್ಸಿಟಿವಿಟಿ 92 ಡೆಸಿಬೆಲ್. ಎರಡನೆಯದು 100 ವಾಟ್ ಆರ್‌ಎಂಎಸ್, 86 ಡೆಸಿಬೆಲ್. ಎರಡರ ನಡುವಿನ ಅಂತರ 6 ಡೆಸಿಬೆಲ್, ಅಂದರೆ ನಾಲ್ಕು ಪಟ್ಟು ವಾಟ್. ಕಂಪನಿಯ ಸ್ಟೀರಿಯೊ ಕೊಡುವ 18 ವಾಟಿನಲ್ಲಿ ಮೊದಲನೆಯದು ಎಷ್ಟು ಜೋರಾಗಿ ನುಡಿಯುತ್ತದೋ ಅಷ್ಟು ನುಡಿಯಲು ಎರಡನೆಯದಕ್ಕೆ 72 ವಾಟ್ ಬೇಕು. ಆಂಪ್ಲಿಫೈಯರ್ ಹಾಕಿಸದೆ ಸ್ಪೀಕರ್ ಮಾತ್ರ ಬದಲಿಸುವವರು ಹೆಚ್ಚು ವಾಟಿನ, ದೊಡ್ಡ ಬೆಲೆಯ ಸ್ಪೀಕರ್ ಹಾಕಿಸಿ, ಹಳೆಯದೇ ಜೋರಾಗಿತ್ತಲ್ಲ ಎಂದು ಪೇಚಾಡುವುದು ಈ ಕಾರಣಕ್ಕೆ. ಕಾರಿನ ಜೊತೆ ಬಂದ ಕಾಗದದ ಕೋನಿನ ಸ್ಪೀಕರನ್ನು ಕಡಿಮೆ ವಾಟಿನಲ್ಲೇ ಜೋರಾಗಿ ಕೇಳಿಸುವಂತೆ ಮಾಡಿರುತ್ತಾರೆ. ಇನ್ನೊಂದು ಎಚ್ಚರ: ಕೆಲವು ಕಂಪನಿಗಳು 1 ವಾಟಿನ ಬದಲು 2.83 ವೋಲ್ಟ್ ಕೊಟ್ಟು ಅಳೆಯುತ್ತವೆ. 4 ಓಮ್ ಸ್ಪೀಕರಿನಲ್ಲಿ ಅದು 2 ವಾಟ್ ಆಗುವುದರಿಂದ ಸಂಖ್ಯೆ 3 ಡೆಸಿಬೆಲ್ ಹೆಚ್ಚಾಗಿ ಕಾಣುತ್ತದೆ. ಹೋಲಿಸುವಾಗ ಅಷ್ಟನ್ನು ಕಳೆಯಬೇಕು.

ಆಂಪ್ಲಿಫೈಯರ್ ಏಕೆ ಬೇಕು

12 ವೋಲ್ಟ್ ಎಂದರೆ ಆಳೆತ್ತರದಲ್ಲಿ ಇಟ್ಟ ನೀರಿನ ಟ್ಯಾಂಕ್ ಎಂದು ಭಾವಿಸಬಹುದು. ಟ್ಯಾಂಕ್ ಎಷ್ಟೇ ದೊಡ್ಡದಿರಲಿ, ಅದರ ಎತ್ತರ ಅಷ್ಟೇ ಆದ್ದರಿಂದ ನಲ್ಲಿಯ ನೀರಿನ ರಭಸವೂ ಅಷ್ಟೇ. ಹೊರಗಿನ ಆಂಪ್ಲಿಫೈಯರ್ ಮಾಡುವ ಮೊದಲ ಕೆಲಸ ಆ ನೀರನ್ನು ಮೋಟಾರ್ ಹಾಕಿ ಮೂರನೆಯ ಮಹಡಿಯ ಟ್ಯಾಂಕಿಗೆ ಏರಿಸುವುದು: ಅದರೊಳಗಿನ ಒಂದು ಭಾಗ 12 ವೋಲ್ಟನ್ನು ಹಲವು ಪಟ್ಟು ಹೆಚ್ಚಿಸಿಕೊಳ್ಳುತ್ತದೆ. ಆಮೇಲೆ ಸ್ಟೀರಿಯೊದಿಂದ ಬಂದ ಸಣ್ಣ ಸಂಕೇತದ ಏರಿಳಿತಕ್ಕೆ ತಕ್ಕಂತೆ ಆ ಹೆಚ್ಚಿದ ವೋಲ್ಟೇಜನ್ನು ಸ್ಪೀಕರಿಗೆ ಹರಿಸುತ್ತದೆ.

ಜೋರಾಗಿ ಕೇಳುವ ಚಟವಿಲ್ಲದವರಿಗೂ ಇದರಿಂದ ಲಾಭವಿದೆ. ಹೆದ್ದಾರಿಯಲ್ಲಿ ಹೋಗುವಾಗ ಚಕ್ರದ, ಗಾಳಿಯ ಸದ್ದೇ ಸಣ್ಣ ಕಾರಿನೊಳಗೆ 70 ಡೆಸಿಬೆಲ್ಲಿನ ಹತ್ತಿರ ಬರುತ್ತದೆ. ಹಾಡು ಅದರ ಮೇಲೆ ಏಳಬೇಕು. ಸಂಗೀತದಲ್ಲಿ ಒಂದೇ ಮಟ್ಟದ ಸದ್ದು ಇರುವುದಿಲ್ಲ, ಆಲಾಪನೆಗೆ 2 ವಾಟ್ ಸಾಕಾದರೆ ಚೆಂಡೆಯ ಒಂದು ಪೆಟ್ಟು ಅದರ ಹತ್ತಾರು ಪಟ್ಟನ್ನು ಒಂದು ಕ್ಷಣಕ್ಕೆ ಕೇಳುತ್ತದೆ. ಆ ಕ್ಷಣದಲ್ಲಿ ಕೊಡಲು ವಾಟ್ ಇಲ್ಲದಿದ್ದರೆ, ಎತ್ತರದ ಆಳು ತಗ್ಗಿನ ಅಟ್ಟದಲ್ಲಿ ನಿಂತಂತೆ, ಅಲೆಯ ತಲೆ ಮೇಲ್ಮಿತಿಗೆ ತಾಗಿ ಚಪ್ಪಟೆಯಾಗುತ್ತದೆ. ಇದಕ್ಕೆ ಕ್ಲಿಪ್ಪಿಂಗ್ ಎನ್ನುತ್ತಾರೆ. ಚಪ್ಪಟೆಯಾದ ಅಲೆಯಲ್ಲಿ ಸರಾಸರಿ ವಿದ್ಯುತ್ ಹೆಚ್ಚುವುದಲ್ಲದೆ ಮೂಲದಲ್ಲಿ ಇಲ್ಲದ ಮೇಲಿನ ಸ್ವರಗಳೂ ಹುಟ್ಟಿಕೊಂಡು ನೇರವಾಗಿ ಟ್ವೀಟರಿಗೆ ಹೋಗುತ್ತವೆ. ಸೂಕ್ಷ್ಮವಾದ ಆ ಸುರುಳಿ ಮೊದಲು ಸುಡುವುದು ಇದರಿಂದ. ಕಡಿಮೆ ವಾಟಿನ ಆಂಪ್ಲಿಫೈಯರ್ ಸ್ಪೀಕರನ್ನು ಕೆಡಿಸುತ್ತದೆ ಎಂಬ ಅಂಗಡಿಯ ಮಾತು ಪೂರ್ತಿ ನಿಜವಲ್ಲ. ಕೆಡಿಸುವುದು ಕಡಿಮೆ ವಾಟ್ ಅಲ್ಲ, ಅದನ್ನು ಅದರ ಶಕ್ತಿ ಮೀರಿ ತಿರುಗಿಸುವ ಕೈ.

ಹೊಂದಿಸುವ ಲೆಕ್ಕ ಸರಳವಾಗಿದೆ. ಸ್ಪೀಕರಿನ ಆರ್‌ಎಂಎಸ್ 60 ವಾಟ್ ಆಗಿದ್ದರೆ ಪ್ರತಿ ಚಾನೆಲ್ಲಿಗೆ, ಅಂದರೆ ಸ್ಪೀಕರ್ ಜೋಡಿಸುವ ಒಂದೊಂದು ದಾರಿಗೆ, 50ರಿಂದ 75 ವಾಟ್ ಆರ್‌ಎಂಎಸ್ ಕೊಡುವ ಆಂಪ್ಲಿಫೈಯರ್ ಸರಿಹೋಗುತ್ತದೆ. ನಾಲ್ಕು ಚಾನೆಲ್ಲಿನದನ್ನು ಕೊಂಡು ಎರಡನ್ನು ಮುಂದಿನ ಸ್ಪೀಕರುಗಳಿಗೆ ಕೊಟ್ಟು, ಉಳಿದೆರಡನ್ನು ಒಂದುಗೂಡಿಸಿ ಸಬ್‌ವೂಫರಿಗೆ ಕೊಡುವುದು ಹೆಚ್ಚಿನವರಿಗೆ ಹೊಂದುವ ದಾರಿ. ಹೀಗೆ ಒಂದುಗೂಡಿಸುವುದಕ್ಕೆ ಬ್ರಿಡ್ಜಿಂಗ್ ಎಂದು ಹೆಸರು. ಹಿಂದಿನ ಬಾಗಿಲುಗಳನ್ನು ಸ್ಟೀರಿಯೊದ 18 ವಾಟಿಗೇ ಬಿಡಬಹುದು, ಏಕೆಂದರೆ ಸಂಗೀತ ಕಚೇರಿಗೆ ಹೋದವರು ವೇದಿಕೆಗೆ ಬೆನ್ನು ತಿರುಗಿಸಿ ಕೂರುವುದಿಲ್ಲ.

ಕ್ಲಾಸ್ ಎಬಿ, ಕ್ಲಾಸ್ ಡಿ ಎಂಬ ಎರಡು ಬಗೆಗಳ ನಡುವೆ ಗೊಂದಲ ಬೇಡ. ಎಬಿ ಬಗೆಯದು ತಾನು ಎಳೆದುಕೊಂಡ ವಿದ್ಯುತ್ತಿನಲ್ಲಿ ಸುಮಾರು ಅರ್ಧವನ್ನು ಬಿಸಿಯಾಗಿ ಕಳೆಯುತ್ತದೆ, ಡಿ ಬಗೆಯದು ಶೇಕಡ 80ರಷ್ಟನ್ನೋ ಅದಕ್ಕೂ ಹೆಚ್ಚನ್ನೋ ಸ್ಪೀಕರಿಗೆ ತಲುಪಿಸುತ್ತದೆ. ಗಾಳಿಯಾಡದ ಸೀಟಿನ ಕೆಳಗೆ ಇಡುವುದಾದರೆ ಡಿ ಬಗೆಯದೇ ಸೂಕ್ತ.

ಓಮ್ ತಪ್ಪಿದರೆ

ಒಂದೇ ಚಾನೆಲ್ಲಿಗೆ 4 ಓಮ್‌ನ ಎರಡು ಸ್ಪೀಕರುಗಳನ್ನು ಅಕ್ಕಪಕ್ಕ ಜೋಡಿಸಿದರೆ ಒಟ್ಟು 2 ಓಮ್ ಆಗುತ್ತದೆ, ಒಂದರ ಹಿಂದೊಂದು ಸರಪಳಿಯಂತೆ ಜೋಡಿಸಿದರೆ 8 ಓಮ್. ಓಮ್ ಇಳಿದಷ್ಟೂ ಆಂಪ್ಲಿಫೈಯರಿನಿಂದ ಹೆಚ್ಚು ವಿದ್ಯುತ್ ಹರಿಯುತ್ತದೆ, ಅದರ ಮೈ ಬಿಸಿಯೂ ಏರುತ್ತದೆ. ಬ್ರಿಡ್ಜ್ ಮಾಡಿದಾಗ ಪ್ರತಿ ಚಾನೆಲ್ಲಿಗೂ ಕಾಣುವುದು ಅರ್ಧ ಓಮ್ ಮಾತ್ರ: 4 ಓಮ್‌ನ ಸಬ್‌ವೂಫರ್ ಅದಕ್ಕೆ 2 ಓಮ್‌ನಂತೆ ಭಾಸವಾಗುತ್ತದೆ. ಹೆಚ್ಚಿನ ನಾಲ್ಕು ಚಾನೆಲ್ ಆಂಪ್ಲಿಫೈಯರುಗಳ ಕನಿಷ್ಠ ಮಿತಿ ಅದೇ ಆಗಿರುವುದರಿಂದ 2 ಓಮ್‌ನ ಸಬ್‌ವೂಫರನ್ನು ಬ್ರಿಡ್ಜ್ ಮಾಡಿ ಹಾಕಿದರೆ ಆಂಪ್ಲಿಫೈಯರ್ ತನ್ನನ್ನು ಕಾಪಾಡಿಕೊಳ್ಳಲು ಪ್ರೊಟೆಕ್ಷನ್‌ಗೆ ಹೋಗಿ ನಡುನಡುವೆ ನಿಲ್ಲುತ್ತದೆ, ಇಲ್ಲವೇ ಕೆಡುತ್ತದೆ.

ಬಾಗಿಲೇ ಸ್ಪೀಕರಿನ ಪೆಟ್ಟಿಗೆ

ಕೋನ್ ಮುಂದಿನ ಗಾಳಿಯನ್ನು ತಳ್ಳಿದಾಗಲೇ ಹಿಂದಿನ ಗಾಳಿಯನ್ನು ಎಳೆಯುತ್ತದೆ. ಈ ಎರಡು ಅಲೆಗಳು ಒಂದನ್ನೊಂದು ಸಂಧಿಸಿದರೆ ಪರಸ್ಪರ ಅಳಿಸಿಹಾಕುತ್ತವೆ, ಅದರಲ್ಲೂ ಬೇಸ್ ಮೊದಲು ಹೋಗುತ್ತದೆ. ಮನೆಯ ಸ್ಪೀಕರಿಗೆ ಮರದ ಪೆಟ್ಟಿಗೆ ಇರುವುದು ಅವುಗಳನ್ನು ಬೇರ್ಪಡಿಸಲೆಂದೇ. ಕಾರಿನಲ್ಲಿ ಆ ಪೆಟ್ಟಿಗೆಯ ಕೆಲಸ ಬಾಗಿಲಿನದು, ಆದರೆ ಡೋರ್ ಪ್ಯಾನೆಲ್ ಬಿಚ್ಚಿ ನೋಡಿದರೆ ಒಳತಗಡಿನಲ್ಲಿ ಅಂಗೈ ಹಾಯುವಷ್ಟು ದೊಡ್ಡ ರಂಧ್ರಗಳು, ಅವುಗಳ ಮೇಲೆ ಒಂದು ತೆಳು ಪ್ಲಾಸ್ಟಿಕ್ ಹಾಳೆ. ಬಿರುಕು ಬಿಟ್ಟ ಘಟದಲ್ಲಿ ನಾದ ಹುಡುಕಿದಂತೆ ಇದು. ರಂಧ್ರಗಳನ್ನು ಮುಚ್ಚಿ, ಹೊರತಗಡಿನ ಒಳಮೈಗೆ ತಗಡಿನ ನಡುಕ ತಗ್ಗಿಸುವ ಬ್ಯೂಟೈಲ್ ರಬ್ಬರಿನ ಡ್ಯಾಂಪಿಂಗ್ ಶೀಟ್ ಒತ್ತಿ ಅಂಟಿಸಿದರೆ, ಅದೇ ಸ್ಪೀಕರ್ ಅದೇ ಸ್ಟೀರಿಯೊದಲ್ಲಿ ಬೇರೆಯೇ ಸ್ಪೀಕರಿನಂತೆ ನುಡಿಯುತ್ತದೆ. ರಸ್ತೆಯ ಸದ್ದೂ ತಗ್ಗುತ್ತದೆ. ಮಾರುವವರು ಇದನ್ನು ಕೊನೆಯಲ್ಲಿ ಹೇಳುತ್ತಾರೆ, ಖರ್ಚಿನ ಪಟ್ಟಿಯಲ್ಲಿ ಇದು ಆಂಪ್ಲಿಫೈಯರಿಗಿಂತ ಮೊದಲು ಬರಬೇಕು. ಗಾಜು ಇಳಿಯುವ ದಾರಿಯನ್ನೂ ಬಾಗಿಲಿನ ತಳದಲ್ಲಿ ಮಳೆನೀರು ಹೊರಹೋಗುವ ಸಣ್ಣ ತೂತುಗಳನ್ನೂ ಮಾತ್ರ ಮುಚ್ಚಬಾರದು.

ಪ್ಲಸ್ ಮೈನಸ್ ಅದಲುಬದಲಾದಾಗಲೂ ಇಂಥದ್ದೇ ನಷ್ಟ. ಎಡಬಾಗಿಲ ಕೋನ್ ತಳ್ಳುವಾಗ ಬಲಬಾಗಿಲಿನದು ಎಳೆದರೆ ಬೇಸ್ ಮಾಯವಾಗುತ್ತದೆ. ವೈರಿನ ತುದಿಗಳನ್ನು 1.5 ವೋಲ್ಟಿನ ಪೆನ್ಸಿಲ್ ಸೆಲ್ಲಿಗೆ ಒಂದು ಕ್ಷಣ ಮುಟ್ಟಿಸಿ ನೋಡಬಹುದು: ಪ್ಲಸ್ಸಿಗೆ ಪ್ಲಸ್ ಸರಿಯಾಗಿ ಸೇರಿದ್ದರೆ ಕೋನ್ ಹೊರಕ್ಕೆ ಜಿಗಿಯುತ್ತದೆ.

ವೈರ್ ಮತ್ತು ಫ್ಯೂಸ್

ಒಟ್ಟು 400 ವಾಟ್ ಆರ್‌ಎಂಎಸ್ ಕೊಡುವ ಕ್ಲಾಸ್ ಡಿ ಆಂಪ್ಲಿಫೈಯರ್ ಪೂರ್ಣ ದುಡಿಯುವಾಗ ಸುಮಾರು 500 ವಾಟ್ ಎಳೆದುಕೊಳ್ಳುತ್ತದೆ, 13.8 ವೋಲ್ಟಿನಲ್ಲಿ ಅದು 36 ಆಂಪಿಯರ್. ಸ್ಟೀರಿಯೊದ ಹಿಂದಿನ ವೈರಿನಿಂದ ಇದನ್ನು ಎಳೆಯಲಾಗದು, ಬ್ಯಾಟರಿಯಿಂದಲೇ ದಪ್ಪನೆಯ ಪ್ರತ್ಯೇಕ ವೈರ್ ಬರಬೇಕು. ಅಗ್ಗದ ಕಿಟ್ಟುಗಳಲ್ಲಿರುವುದು ಹೆಚ್ಚಾಗಿ ಅಲ್ಯೂಮಿನಿಯಮ್ಮಿಗೆ ತಾಮ್ರದ ಲೇಪ ಕೊಟ್ಟ ಸಿಸಿಎ ವೈರ್. ಅಲ್ಯೂಮಿನಿಯಂ ತಾಮ್ರದ ಸುಮಾರು ಶೇಕಡ 60ರಷ್ಟು ಮಾತ್ರ ವಿದ್ಯುತ್ ಒಯ್ಯುವುದರಿಂದ ಅಷ್ಟೇ ದಪ್ಪದ ಸಿಸಿಎ ಬೇಗ ಬಿಸಿಯಾಗುತ್ತದೆ. ತುದಿಯನ್ನು ಚಾಕುವಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುವುದೋ ಕೆಂಪಗೆ ಕಾಣುವುದೋ ಎಂಬುದರಿಂದ ಗುರುತಿಸಬಹುದು.

ಈ ವೈರಿಗೆ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲೇಬೇಕು. ಫ್ಯೂಸ್ ಕಾಯುವುದು ಆಂಪ್ಲಿಫೈಯರನ್ನಲ್ಲ, ವೈರನ್ನು. ಎಂಜಿನ್ ಕೋಣೆಯಿಂದ ಒಳಗೆ ಬರುವಲ್ಲಿ ತಗಡಿನ ಅಂಚಿಗೆ ಉಜ್ಜಿ ವೈರಿನ ಮೇಲ್ಪದರ ಹರಿದರೆ, ಫ್ಯೂಸ್ ಇಲ್ಲದ ಬ್ಯಾಟರಿ ನೂರಾರು ಆಂಪಿಯರ್ ಸುರಿದು ಬೆಂಕಿ ಹತ್ತಿಸಬಲ್ಲದು. ಅರ್ತ್ ವೈರನ್ನು ಬಣ್ಣ ಕೆರೆದ ಬರಿ ಲೋಹಕ್ಕೆ ಗಟ್ಟಿಯಾಗಿ ಬಿಗಿಯಬೇಕು. ಸಡಿಲವಾದರೆ ಎಂಜಿನ್ ವೇಗ ಏರಿದಂತೆ ಏರುವ ಕುಯ್ಯೆನ್ನುವ ಸದ್ದು ಸ್ಪೀಕರಿನಲ್ಲಿ ಕೇಳಿಸುತ್ತದೆ. ಸಂಕೇತ ತರುವ ಆರ್‌ಸಿಎ ವೈರನ್ನು ಕಾರಿನ ಒಂದು ಬದಿಯಲ್ಲಿ, ಪವರ್ ವೈರನ್ನು ಇನ್ನೊಂದು ಬದಿಯಲ್ಲಿ ಎಳೆಯುವುದೂ ಈ ಸದ್ದನ್ನು ತಪ್ಪಿಸಲೆಂದೇ.

ಕಂಪನಿಯ ಸ್ಟೀರಿಯೊದಲ್ಲಿ ಆರ್‌ಸಿಎ ಇಲ್ಲದಿದ್ದರೆ ಸ್ಪೀಕರ್ ವೈರಿನಿಂದಲೇ ಸಂಕೇತ ಪಡೆಯುವ ಹೈ ಲೆವೆಲ್ ಇನ್‌ಪುಟ್ ಇರುವ ಆಂಪ್ಲಿಫೈಯರ್ ಕೊಳ್ಳಬಹುದು. ಮೂಲ ವೈರನ್ನು ಕತ್ತರಿಸಿದರೆ ವಾರಂಟಿಗೆ ತಕರಾರು ಬರಬಹುದಾದ್ದರಿಂದ ಕತ್ತರಿಸದೆ ಸಿಕ್ಕಿಸಬಹುದಾದ, ಆ ಮಾದರಿಗೆ ಹೊಂದುವ ಕಪ್ಲರನ್ನೇ ಕೇಳಬೇಕು. ವಿದ್ಯುತ್ ಕಾರುಗಳಲ್ಲಿ 12 ವೋಲ್ಟಿನ ಸಣ್ಣ ಬ್ಯಾಟರಿಯನ್ನು ತುಂಬುವುದು ಎಂಜಿನ್ ತಿರುಗಿಸುವ ಆಲ್ಟರ್ನೇಟರ್ ಅಲ್ಲ, ದೊಡ್ಡ ಬ್ಯಾಟರಿಯಿಂದ ಇಳಿಸಿ ಕೊಡುವ ಪರಿವರ್ತಕ. ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲ್ಲಿನ ಹತ್ತಿರ ಹೊರಗಿನವರ ಕೈ ಹೋಗಲೇಬಾರದು.

ಗೇನ್ ಎಂಬ ತಿರುಪು

ಆಂಪ್ಲಿಫೈಯರಿನ ಮೇಲಿನ ಗೇನ್ ತಿರುಪು ವಾಲ್ಯೂಮ್ ಅಲ್ಲ. ಸ್ಟೀರಿಯೊ ಕೊಡುವ ಸಂಕೇತಕ್ಕೂ ಆಂಪ್ಲಿಫೈಯರಿಗೂ ಹೊಂದಾಣಿಕೆ ಮಾಡುವುದಷ್ಟೇ ಅದರ ಕೆಲಸ. ಬೇಸ್, ಟ್ರೆಬಲ್ ಎಲ್ಲವನ್ನೂ ಸೊನ್ನೆಗೆ ತಂದು, ಸ್ಟೀರಿಯೊದ ವಾಲ್ಯೂಮನ್ನು ಮುಕ್ಕಾಲಿಗೆ ಏರಿಸಿ, ಗೇನನ್ನು ಕೆಳಗಿನಿಂದ ನಿಧಾನವಾಗಿ ಹೆಚ್ಚಿಸುತ್ತ ಶಬ್ದ ಒಡೆಯುವ ಸೂಚನೆ ಕಂಡಲ್ಲಿ ಸ್ವಲ್ಪ ಹಿಂದಕ್ಕೆ ಬರಬೇಕು. ಬಾಗಿಲ ಸ್ಪೀಕರುಗಳಿಗೆ 80 ಹರ್ಟ್ಜ್‌ಗಿಂತ ಕೆಳಗಿನದು ಹೋಗದಂತೆಯೂ ಸಬ್‌ವೂಫರಿಗೆ 80ಕ್ಕಿಂತ ಮೇಲಿನದು ಹೋಗದಂತೆಯೂ ಕ್ರಾಸ್‌ಓವರನ್ನು ಇಟ್ಟುಕೊಂಡು ಆರಂಭಿಸಬಹುದು. ಕೆಳಸ್ವರದ ನಾಲ್ಕು ಪಟ್ಟು ಓಲಾಟದಿಂದ ಬಿಡುಗಡೆ ಸಿಕ್ಕ ಬಾಗಿಲ ಸ್ಪೀಕರ್ ಆಗ ಹಾಡನ್ನು ಹೆಚ್ಚು ಸ್ಪಷ್ಟವಾಗಿ ನುಡಿಯುತ್ತದೆ.

ನಮ್ಮ ಕಾರುಗಳಲ್ಲಿ ಚಾಲಕರು ಬಲಬಾಗಿಲಿಗೆ ಹತ್ತಿರ ಕೂರುವುದರಿಂದ ಆ ಬದಿಯ ಶಬ್ದ ಮೊದಲು ತಲುಪುತ್ತದೆ. ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ, ಎಡಬಾಗಿಲು 60 ಸೆಂಟಿಮೀಟರ್ ಹೆಚ್ಚು ದೂರವಿದ್ದರೆ ಎರಡು ಮಿಲಿಸೆಕೆಂಡಿಗೆ ತುಸು ಕಡಿಮೆ ವ್ಯತ್ಯಾಸ. ಡಿಎಸ್‌ಪಿ ಎಂಬ, ಶಬ್ದದ ಸಂಕೇತವನ್ನು ತಿದ್ದುವ ಚಿಪ್ ಇರುವ ಸ್ಟೀರಿಯೊ ಅಥವಾ ಆಂಪ್ಲಿಫೈಯರ್ ಬಲಬದಿಯನ್ನು ಅಷ್ಟು ಹೊತ್ತು ತಡೆದು ಕಳಿಸಿ ಹಾಡನ್ನು ನಡುವಿಗೆ ತರುತ್ತದೆ. ಪಕ್ಕದಲ್ಲಿ ಕೂತವರಿಗೆ ಮಾತ್ರ ಅದು ಇನ್ನಷ್ಟು ಓರೆಯಾಗುತ್ತದೆ.

ಅಂಗಡಿಯಲ್ಲಿ

ಅಂಗಡಿಯ ಹಲಗೆಯ ಮೇಲೆ ಸಾಲಾಗಿ ಜೋಡಿಸಿದ ಸ್ಪೀಕರುಗಳನ್ನು ಒಂದೊಂದಾಗಿ ಕೇಳಿಸುವಾಗ ಹೆಚ್ಚು ಜೋರಾದದ್ದೇ ಚೆನ್ನಾಗಿರುವಂತೆ ಕಿವಿಗೆ ಭ್ರಮೆಯಾಗುತ್ತದೆ. ಎರಡನ್ನೂ ಒಂದೇ ಮಟ್ಟಕ್ಕೆ ತಂದು ಕೇಳಿಸಲು ಹೇಳಬೇಕು. ಅವರು ಹಾಕುವ ಡೆಮೊ ಹಾಡಿಗಿಂತ ನೂರು ಸಲ ಕೇಳಿ ಬಾಯಿಪಾಠವಾದ ಹಾಡು ಒಳ್ಳೆಯ ಅಳತೆಗೋಲು. ತಂಬೂರಿಯ ಮೀಟು ನಿಂತ ಮೇಲೂ ಉಳಿಯುವ ಝೇಂಕಾರ, ಹೆಣ್ಣುದನಿಯ ಸ, ಶ ಅಕ್ಷರಗಳು ಚುಚ್ಚುತ್ತವೆಯೇ ಇಲ್ಲವೇ ಎಂಬುದು, ಮೃದಂಗದ ಎಡಬಲಗಳು ಬೇರೆಬೇರೆಯಾಗಿ ಕೇಳುತ್ತವೆಯೇ ಎಂಬುದು: ಇಷ್ಟು ಗಮನಿಸಿದರೆ ಟ್ವೀಟರ್, ವೂಫರ್ ಎರಡರ ಗುಣವೂ ತಿಳಿಯುತ್ತದೆ. ಕಿವಿಯ ಸುರಕ್ಷೆಗೆ 85 ಡೆಸಿಬೆಲ್ಲನ್ನು ದಿನಕ್ಕೆ 8 ಗಂಟೆಯ ಮಿತಿಯೆಂದು ಇಟ್ಟುಕೊಳ್ಳುವುದು ಸಾಮಾನ್ಯ, ಪ್ರತಿ 3 ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧವಾಗುತ್ತ 100 ಡೆಸಿಬೆಲ್ಲಿಗೆ 15 ನಿಮಿಷಕ್ಕೆ ಇಳಿಯುತ್ತದೆ.

ಬಿಲ್ಲಿನಲ್ಲಿ ಮಾದರಿಯ ಸಂಖ್ಯೆಯನ್ನೂ ವೈರ್ ತಾಮ್ರದ್ದೋ ಸಿಸಿಎಯೋ ಎಂಬುದನ್ನೂ ಬರೆಸಿಕೊಳ್ಳಿ. ಕೆಲಸ ಮುಗಿದ ಮೇಲೆ ಅರ್ಧ ಗಂಟೆ ಹಾಡು ಹಾಕಿಕೊಂಡು ಕಾರು ಓಡಿಸಿ ಬಂದು ಆಂಪ್ಲಿಫೈಯರಿನ ಮೈ, ಪವರ್ ವೈರಿನ ಎರಡೂ ತುದಿ, ಫ್ಯೂಸಿನ ಹಿಡಿಕೆ ಇವುಗಳನ್ನು ಮುಟ್ಟಿ ನೋಡಿ. ಆಂಪ್ಲಿಫೈಯರ್ ಬೆಚ್ಚಗಿರುವುದು ಸಹಜ. ವೈರಿನ ತುದಿಯೋ ಫ್ಯೂಸೋ ಸುಡುತ್ತಿದ್ದರೆ ಜೋಡಣೆ ಸಡಿಲವಾಗಿದೆ ಎಂದರ್ಥ, ಅಲ್ಲೇ ಬಿಗಿಸಿಕೊಂಡು ಹೊರಡಬೇಕು. ಬಿಚ್ಚಿದ ಹಳೆಯ ಸ್ಪೀಕರುಗಳನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಕಾರು ಮಾರುವ ದಿನ ಹೊಸದನ್ನು ತೆಗೆದಿಟ್ಟುಕೊಂಡು ಅವನ್ನೇ ಮತ್ತೆ ಕೂರಿಸಬಹುದು.